ಚಳಿಯೇ ಇಲ್ಲದ ಊರಲ್ಲಿ ರೋಸ್‌ಮೆರಿಯ ಚಳಿಗಾಲ

ನಾನು ಮೂರು ವರ್ಷದಲ್ಲಿ ಎರಡು ರೋಸ್‌ಮೆರಿ ಗಿಡ ಕೊಂದಿದ್ದೀನಿ, ಮೂರನೇದನ್ನ ಸಾವಿನ ಬಾಗಿಲವರೆಗೂ ಕಳಿಸಿದ್ದೀನಿ. ಎಲ್ಲವೂ ಡಿಸೆಂಬರ್-ಜನವರಿಯಲ್ಲೇ. ಯಲಹಂಕ ನ್ಯೂ ಟೌನಿನಲ್ಲಿರೋ ನಮ್ಮ ಒಂಬತ್ತನೇ ಮಹಡಿಯ ಫ್ಲ್ಯಾಟಿನ ಹಾಲಿನಲ್ಲಿ, ದಕ್ಷಿಣದ ಕಿಟಕಿ ಪಕ್ಕ, ಅತೀ ಕಾಳಜಿಯಿಂದ.

ಕಾಳಜಿ ಅಂತ ಸುಮ್ಮನೆ ಹೇಳ್ತಿಲ್ಲ. ಗಿಡ ತಂದ ದಿನವೇ ಒಂದು ಇಂಗ್ಲಿಷ್ ಪುಸ್ತಕ ಕೂಡ ತಂದಿದ್ದೆ. ಚಳಿಗಾಲ ಬರ್ತಿದ್ದ ಹಾಗೆ ಗಿಡವನ್ನ ಒಳಗೆ ತನ್ನಿ, ದಕ್ಷಿಣದ ಕಿಟಕಿ ಹತ್ತಿರ ಇಡಿ, ಆಗಾಗ ಎಲೆ ಮೇಲೆ ನೀರು ಚಿಮುಕಿಸಿ ಅಂತ ಅದರಲ್ಲಿತ್ತು. ನಾನು ಅಕ್ಷರಶಃ ಪಾಲಿಸಿದೆ. ದೀಪಾವಳಿ ಮುಗೀತಿದ್ದ ಹಾಗೆ ಬಾಲ್ಕನಿಯಿಂದ ಒಳಗೆ ತಂದೆ. ಸಂಕ್ರಾಂತಿಗೆ ಮೊದಲ ಗಿಡ ಹೋಯ್ತು. ಮಾರನೇ ವರ್ಷ ನೀರು ಜಾಸ್ತಿ ಆಗಿರ್ಬೇಕು ಅಂತ ಕಮ್ಮಿ ಮಾಡಿದೆ, ಎಲೆಗೆ ಚಿಮುಕಿಸೋದನ್ನ ಮಾತ್ರ ಬಿಡಲಿಲ್ಲ. ಅದೂ ಹೋಯ್ತು. ಮೂರನೇದರ ಎಲೆಗಳ ಮೇಲೆ ಯಾರೋ ಮೈದಾ ಜರಡಿ ಹಿಡಿದ ಹಾಗೆ ಬಿಳಿ ಪುಡಿ ಕೂತಾಗ, ಸೋಫಾ ಮೇಲೆ ಶಾಲು ಹೊದ್ದು ಕೂತಿದ್ದ ತಾತ ಎದ್ದು ಬಂದು ನೋಡಿದ್ರು.

"ಬೂದಿ ರೋಗ ಕಣಮ್ಮ ಇದು. ಅಲ್ಲ, ಇಷ್ಟು ಚೆನ್ನಾಗಿರೋ ಬಿಸ್ಲು ಹೊರಗಿರೋವಾಗ ಒಳಗ್ಯಾಕೆ ಇಟ್ಕೊಂಡಿದೀಯ? ಇದಕ್ಕೇನ್ ಬಾಣಂತನಾನಾ?"

ಅಜ್ಜಿ ತೀರಿಕೊಂಡ ಮೇಲೆ ತಾತ ರಾಜಾನುಕುಂಟೆ ಹತ್ತಿರದ ಊರು ಬಿಟ್ಟು ನಮ್ಮ ಜೊತೆ ಬಂದು ಎಂಟು ತಿಂಗಳಾಗಿತ್ತು. ಆ ಎಂಟು ತಿಂಗಳಲ್ಲಿ ಅವರು ಒಂದೇ ಉಸಿರಿಗೆ ಆಡಿದ ಅತಿ ಉದ್ದದ ಮಾತು ಇದೇ ಇರಬೇಕು. "ಕಾಫಿ ಆಯ್ತು", "ಟಿವಿ ಆರಿಸಮ್ಮ", ಇಷ್ಟರಲ್ಲೇ ದಿನ ಮುಗಿಸ್ತಿದ್ದ ಮನುಷ್ಯ. ಹಾಗಾಗಿ ಅವತ್ತು ನನಗೆ ಗಿಡಕ್ಕಿಂತ ಆ ಪ್ರಶ್ನೆ ಮುಖ್ಯ ಅನ್ನಿಸ್ತು. ನಿಜವಾಗಿ, ಯಾಕೆ ಒಳಗಿಟ್ಟೆ? ಬೆಂಗಳೂರಿನ ಡಿಸೆಂಬರ್ ರಾತ್ರಿಯ ಸರಾಸರಿ ಕನಿಷ್ಠ ಉಷ್ಣಾಂಶ 16 ಡಿಗ್ರಿ ಆಸುಪಾಸು. ನಾವು ಮಂಕಿ ಕ್ಯಾಪ್ ಹಾಕ್ಕೊಂಡು ವಾಕಿಂಗ್ ಹೋಗ್ತೀವಿ, ಸರಿ. ಆದ್ರೆ ಈ ಊರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ನೆಲದಲ್ಲಿ ಚೆನ್ನಾಗಿ ಬೇರೂರಿದ ರೋಸ್‌ಮೆರಿ ಸೊನ್ನೆಗಿಂತ ಐದಾರು ಡಿಗ್ರಿ ಕೆಳಗಿನ ಚಳಿಯನ್ನೂ ತಡೆಯುತ್ತೆ. ಅಂದ್ರೆ ಬೆಂಗಳೂರಿನ ಇತಿಹಾಸದಲ್ಲೇ ಅತಿ ಚಳಿಯಾದ ರಾತ್ರಿ ಕೂಡ ನನ್ನ ಗಿಡಕ್ಕೆ ಏನೂ ಮಾಡ್ತಿರಲಿಲ್ಲ. ಕೊಂದಿದ್ದು ಚಳಿಯಲ್ಲ, ಪುಸ್ತಕ.

ಆ ಪುಸ್ತಕದ ಮಾತು ಎಲ್ಲಿಂದ ಬಂತು ಅಂತ ಹುಡುಕ್ತಾ ಹೋದೆ. ತುಂಬಾ ಹಿಂದಕ್ಕೆ ಹೋಗಬೇಕಾಯ್ತು.

ರೋಸ್‌ಮೆರಿಯ ಊರು ಮೆಡಿಟರೇನಿಯನ್ ಸಮುದ್ರದ ಸುತ್ತಮುತ್ತಲಿನ ಕಲ್ಲುಗುಡ್ಡಗಳು. ಲ್ಯಾಟಿನ್‌ನಲ್ಲಿ ರೋಸ್ ಮರೀನುಸ್, ಸಮುದ್ರದ ಇಬ್ಬನಿ ಅಂತ ಅರ್ಥ ಹೇಳ್ತಾರೆ. 1753ರಲ್ಲಿ ಲಿನೇಯಸ್ ಇಟ್ಟ ರೋಸ್ಮರೈನಸ್ ಅಫಿಸಿನಾಲಿಸ್ ಅನ್ನೋ ಹೆಸರೇ ಇನ್ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ನಡೀತು. 2017ರಲ್ಲಿ ಸಸ್ಯಶಾಸ್ತ್ರಜ್ಞರು, ಇದು ಬೇರೆ ಕುಲವೇ ಅಲ್ಲ, ಸಾಲ್ವಿಯಾದೊಳಗೇ ಬರುತ್ತೆ ಅಂತ ತೋರಿಸಿದ ಮೇಲೆ ಸಾಲ್ವಿಯಾ ರೋಸ್ಮರೈನಸ್ ಆಗಿದೆ. (ನರ್ಸರಿಗಳ ಚೀಟಿಯಲ್ಲಿ ಹಳೇ ಹೆಸರೇ ಇದೆ. ನನ್ನ ಆಧಾರ್ ಕಾರ್ಡಲ್ಲಿ ಹಳೇ ವಿಳಾಸ ಇರೋ ಹಾಗೆ.) ಅಲ್ಲಿನ ಹವಾಮಾನ ನಮ್ಮದಕ್ಕೆ ಸರಿಯಾಗಿ ಉಲ್ಟಾ: ಮಳೆ ಬರೋದು ಚಳಿಗಾಲದಲ್ಲಿ, ಬೇಸಿಗೆ ಪೂರ್ತಿ ಒಣ. ಈ ಒಂದು ವಿಷಯ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಈ ಗಿಡ ಉತ್ತರಕ್ಕೆ, ಇಂಗ್ಲೆಂಡಿನಂಥ ಚಳಿ ದೇಶಗಳಿಗೆ ಹೋದಾಗ ಸಮಸ್ಯೆ ಶುರುವಾಯ್ತು. ಹದಿನಾಲ್ಕನೇ ಶತಮಾನದಲ್ಲಿ ಇಂಗ್ಲೆಂಡಿನ ರಾಣಿಯಾಗಿದ್ದ ಫಿಲಿಪಾಗೆ ಅವಳ ತಾಯಿ, ಈಗಿನ ಬೆಲ್ಜಿಯಂ ಕಡೆಯ ಎನೋ ಸಂಸ್ಥಾನದ ಕೌಂಟೆಸ್, ರೋಸ್‌ಮೆರಿಯ ಗುಣಗಳ ಬಗ್ಗೆ ಒಂದು ಬರಹ ಕಳಿಸಿಕೊಟ್ಟಿದ್ದಳು. ಮದುವೆಯಾಗಿ ಸಮುದ್ರ ದಾಟಿ ಹೋದ ಮಗಳಿಗೆ ತಾಯಿ ಕಳಿಸೋದು ಏನು? ನಮ್ಮಮ್ಮ ಅಕ್ಕನಿಗೆ ಟೊರಾಂಟೊಗೆ ಮೆಂತ್ಯ ಹಿಟ್ಟು ಕಳಿಸಿದ ಹಾಗೇ. ಆ ಕಾಲದಲ್ಲೇ ಹೆನ್ರಿ ಡೇನಿಯಲ್ ಅನ್ನೋ ಒಬ್ಬ ಸನ್ಯಾಸಿ ಅದನ್ನ ಇಂಗ್ಲಿಷಿಗೆ ತಂದು, ಈ ಗಿಡವನ್ನ ಆ ದೇಶದ ಚಳಿಯಿಂದ ಹೇಗೆ ಉಳಿಸಿಕೊಳ್ಳೋದು ಅನ್ನೋದನ್ನೂ ಬರೆದ. ರೋಸ್‌ಮೆರಿಯ ಚಳಿಗಾಲದ ಆರೈಕೆ ಅನ್ನೋ ವಿಷಯಕ್ಕೆ ಸುಮಾರು ಆರುನೂರೈವತ್ತು ವರ್ಷದ ಇತಿಹಾಸ ಇದೆ ಅಂತ ಆಯ್ತಲ್ಲ.

ಆಮೇಲೆ ಬಂದಿದ್ದು ದುಡ್ಡಿದ್ದವರ ಕಾಲ. ಹದಿನೇಳನೇ ಶತಮಾನದ ಯುರೋಪಿನ ರಾಜರಿಗೆ, ಜಮೀನ್ದಾರರಿಗೆ ಕಿತ್ತಳೆ, ನಿಂಬೆ ಗಿಡಗಳ ಹುಚ್ಚು ಹಿಡೀತು. ಚಳಿಗಾಲ ಬಂದ್ರೆ ಆ ಮರಗಳನ್ನ ದೊಡ್ಡ ದೊಡ್ಡ ಮರದ ತೊಟ್ಟಿಗಳ ಸಮೇತ ಒಳಗೆ ಸಾಗಿಸೋಕೆ ಅಂತಲೇ ಕಟ್ಟಡಗಳನ್ನ ಕಟ್ಟಿಸಿದ್ರು. ವರ್ಸೇಲ್ಸ್‌ನಲ್ಲಿ ಹದಿನಾಲ್ಕನೇ ಲೂಯಿಗೆ ಆರ್ದುಯೆನ್-ಮನ್ಸಾರ್ 1684ರಿಂದ 1686ರವರೆಗೆ ಕಟ್ಟಿದ ಆರೆಂಜರಿ ಇವತ್ತಿಗೂ ಇದೆ. ಎಲ್ಲ ಆರೆಂಜರಿಗಳಂತೆ ಅದರ ದೊಡ್ಡ ಕಿಟಕಿಗಳೂ ದಕ್ಷಿಣಕ್ಕೇ ಮುಖ ಮಾಡಿವೆ. ಇಂಗ್ಲೆಂಡಿನಲ್ಲಿ ಜಾನ್ ಎವಲಿನ್ 1664ರಲ್ಲಿ ತೋಟಗಾರನ ಪಂಚಾಂಗವನ್ನೇ ಬರೆದ: ಜನವರಿಯಲ್ಲಿ ಇದು ಮಾಡು, ಫೆಬ್ರವರಿಯಲ್ಲಿ ಅದು ಮಾಡು, ಯಾವಾಗ ಗಿಡ ಒಳಗೆ, ಯಾವಾಗ ಹೊರಗೆ. ನನ್ನ ಪುಸ್ತಕದ "ಚಳಿಗಾಲದಲ್ಲಿ ಒಳಗೆ ತನ್ನಿ" ಅನ್ನೋ ಸಾಲಿಗೆ ಮುತ್ತಜ್ಜ ಇವನೇ ಅನ್ನಬಹುದು.

ಗಾಜಿಗೆ ಇಂಗ್ಲೆಂಡಿನಲ್ಲಿ ತೆರಿಗೆ ಇತ್ತು. 1845ರಲ್ಲಿ ಅದು ರದ್ದಾದ ಮೇಲೆ ಗಾಜು ಅಗ್ಗ ಆಯ್ತು, ಮಧ್ಯಮ ವರ್ಗದವರ ಮನೆಗೂ ಗಾಜಿನ ಕೋಣೆ ಬಂತು. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಕ್ರಿಸ್ಟಲ್ ಪ್ಯಾಲೇಸ್ ಕಟ್ಟಿದ. ಪ್ಯಾಕ್ಸ್‌ಟನ್ ಮೂಲತಃ ಒಬ್ಬ ತೋಟಗಾರ. ಗಿಡಗಳಿಗೆ ಗಾಜಿನ ಮನೆ ಕಟ್ಟಿ ಕಟ್ಟಿ ಕೈ ಪಳಗಿದ್ದವನು. ಅದೇ ವಿದ್ಯೆಯನ್ನ ಮನುಷ್ಯರ ಜಾತ್ರೆಗೆ ಬಳಸಿದ.

ಇಲ್ಲಿಂದ ಕಥೆ ನೇರವಾಗಿ ನಮ್ಮೂರಿಗೆ ಬರುತ್ತೆ.

ಲಾಲ್‌ಬಾಗಿನ ಗಾಜಿನ ಮನೆಯನ್ನ ನೋಡದೇ ಇರೋ ಬೆಂಗಳೂರಿಗರು ಇಲ್ಲ. ಶಾಲೆ ಟ್ರಿಪ್ಪಲ್ಲಿ ಸಾಲಾಗಿ ನಿಂತು, ಮುಂದಿನವರ ಬೆನ್ನು ನೋಡಿಕೊಂಡೇ ಗುಲಾಬಿಯ ದೇವಸ್ಥಾನ ನೋಡಿದ ನೆನಪು ನನಗೂ ಇದೆ. ಅದರ ಅಡಿಗಲ್ಲು ಹಾಕಿದ್ದು 1889ರ ನವೆಂಬರ್ 30ರಂದು, ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್. ಕಟ್ಟಿಸಿದ್ದು ಆಗಿನ ಸೂಪರಿಂಟೆಂಡೆಂಟ್ ಜಾನ್ ಕ್ಯಾಮರಾನ್, ನಮಗೆ ಸೀಮೆಬದನೆಕಾಯಿ ತಂದುಕೊಟ್ಟ ಮಹಾನುಭಾವ ಅಂತ ಹೆಸರಾದವನು. ಮಾದರಿ ಅದೇ ಕ್ರಿಸ್ಟಲ್ ಪ್ಯಾಲೇಸ್. ಚಿಕ್ಕವಳಿದ್ದಾಗ ಒಂದು ವಿಷಯ ತಲೆಗೆ ಹೊಳೆದಿರಲಿಲ್ಲ: ಬೆಂಗಳೂರಿಗೆ ಗಾಜಿನ ಮನೆ ಯಾಕೆ ಬೇಕಿತ್ತು? ಯುರೋಪಿನಲ್ಲಿ ಅದು ಗಿಡಗಳನ್ನ ಬೆಚ್ಚಗಿಡೋಕೆ ಹುಟ್ಟಿದ ಆಕಾರ. ಇಲ್ಲಿ ಬೆಚ್ಚಗಿಡೋ ಅಗತ್ಯವೇ ಇಲ್ಲ. ಲಾಲ್‌ಬಾಗಿನ ಗಾಜಿನ ಮನೆ ಗಿಡ ಕಾಪಾಡೋಕೆ ಕಟ್ಟಿದ್ದಲ್ಲ, ಫಲಪುಷ್ಪ ಪ್ರದರ್ಶನಕ್ಕೆ ಕಟ್ಟಿದ್ದು. ಕೆಲಸ ಹೋಗಿ ಆಕಾರ ಮಾತ್ರ ಹಡಗು ಹತ್ತಿ ಬಂದಿತ್ತು. ನನ್ನ ಹಾಲಿನ ಕಿಟಕಿ ಪಕ್ಕದ ರೋಸ್‌ಮೆರಿಯೂ ಅದೇ ತರ.

ಹಾಗಂತ ಆ ಕಾಲದ ಇಂಗ್ಲಿಷ್ ತೋಟಗಾರರು ದಡ್ಡರಾಗಿದ್ದರು ಅಂತಲ್ಲ. ನನಗಿಂತ ಬೇಗ ಕಲಿತಿದ್ದರು. 1809ರಲ್ಲಿ ದಂಡು ಪ್ರದೇಶ ಶುರುವಾದಾಗಿನಿಂದ ಇಲ್ಲಿ ಬಂಗಲೆ ಕಟ್ಟಿಕೊಂಡವರು ತಮ್ಮ ಊರಿನ ತರಕಾರಿ, ಹೂವು ಬೆಳೆಯೋಕೆ ನೋಡಿದ್ರು. ಭಾರತದಲ್ಲಿ ಅವರ ತೋಟದ ವರ್ಷ ಶುರುವಾಗ್ತಿದ್ದಿದ್ದು ಮಾರ್ಚಿನಲ್ಲಲ್ಲ, ಮಳೆ ಮುಗಿದ ಮೇಲೆ, ಅಕ್ಟೋಬರಿನಲ್ಲಿ. ಅವರ ದೇಶದ ಬೇಸಿಗೆ ಹೂಗಳಿಗೆ ಇಲ್ಲಿನ ಚಳಿಗಾಲವೇ ಬೇಸಿಗೆ. 1860ರ ದಶಕದಲ್ಲಿ ಫರ್ಮಿಂಜರ್ ಅನ್ನೋ ಪಾದ್ರಿ ಬಂಗಾಳ ಮತ್ತು ಉತ್ತರ ಭಾರತದ ತೋಟಗಳಿಗೆ ಅಂತಲೇ ಬೇರೆ ಕೈಪಿಡಿ ಬರೆಯಬೇಕಾಗಿ ಬಂದಿದ್ದು ಸುಮ್ಮನೆ ಅಲ್ಲ; ಊರಿನಿಂದ ತಂದ ಪಂಚಾಂಗ ಇಲ್ಲಿ ಕೆಲಸಕ್ಕೆ ಬರ್ತಿರಲಿಲ್ಲ. ನಮ್ಮ ಲಾಲ್‌ಬಾಗಿನ ಎರಡು ಪ್ರದರ್ಶನಗಳಲ್ಲಿ ಒಂದು ಜನವರಿಯಲ್ಲೇ ಬರುತ್ತೆ. ಇನ್ನೊಂದು ಆಗಸ್ಟಿನಲ್ಲಿ; ಛತ್ರಿ ತಗೊಂಡು ಹೋಗಬೇಕು.

ಇನ್ನು ದಕ್ಷಿಣದ ಕಿಟಕಿ ವಿಷಯ. ಇದನ್ನ ನಾನು ಕಾಗದ-ಪೆನ್ನು ಹಿಡಿದು ಲೆಕ್ಕ ಹಾಕಿದೆ, ಆಫೀಸಿನ ಒಂದು ಬೋರಿಂಗ್ ಕಾಲ್ ನಡೀತಿದ್ದಾಗ. ಡಿಸೆಂಬರ್ 21ರ ನಡುಮಧ್ಯಾಹ್ನ ಲಂಡನ್ನಿನಲ್ಲಿ ಸೂರ್ಯ ದಿಗಂತದಿಂದ ಬರೀ 15 ಡಿಗ್ರಿ ಮೇಲಿರ್ತಾನೆ. ಬೆಂಗಳೂರಿನಲ್ಲಿ 53-54 ಡಿಗ್ರಿ. ನಾಲ್ಕಡಿ ಎತ್ತರದ ಕಿಟಕಿ ಇದ್ರೆ, ಲಂಡನ್ನಿನಲ್ಲಿ ಆ ತಗ್ಗಿದ ಬಿಸಿಲು ಕಿಟಕಿಯಿಂದ ಹದಿನೈದಡಿ ಒಳಗಿನ ಮೇಜಿನ ಮೇಲೂ ಬೀಳುತ್ತೆ. ನಮ್ಮಲ್ಲಿ ಮೂರಡಿ ಬಂದ್ರೆ ಹೆಚ್ಚು. ಅದಕ್ಕೆ ಮೇಲಿನ ಮನೆಯ ಬಾಲ್ಕನಿ ಸ್ಲ್ಯಾಬ್ ಅಡ್ಡ ಸೇರಿಸಿ, ಬಿಲ್ಡರ್ ಹಾಕಿಸಿದ ಕಪ್ಪು ಗಾಜು ಸೇರಿಸಿ. ನನ್ನ ಗಿಡಕ್ಕೆ ಸಿಗ್ತಿದ್ದಿದ್ದು ಬೆಳಕು ಅಷ್ಟೇ, ಬಿಸಿಲಲ್ಲ. ಇನ್ನೊಂದು ತಮಾಷೆ: ಏಪ್ರಿಲ್ 24ಕ್ಕೆ ಸೂರ್ಯ ನಮ್ಮ ನೆತ್ತಿ ಮೇಲೆ ಬಂದು, ಅಲ್ಲಿಂದ ಆಗಸ್ಟ್ 18ರವರೆಗೂ ಮಧ್ಯಾಹ್ನ ಉತ್ತರಕ್ಕೇ ಇರ್ತಾನೆ. ಶೂನ್ಯ ನೆರಳಿನ ದಿನ ಅಂತ ಪೇಪರಲ್ಲಿ ಫೋಟೋ ಬರುತ್ತಲ್ಲ, ಅದೇ. ಅಂದ್ರೆ ವರ್ಷದ ಸುಮಾರು ನಾಲ್ಕು ತಿಂಗಳು ನಮ್ಮ ದಕ್ಷಿಣದ ಕಿಟಕಿಗೆ ನಡುಮಧ್ಯಾಹ್ನದ ಬಿಸಿಲಿನ ಸಂಬಂಧವೇ ಇಲ್ಲ. ವರ್ಸೇಲ್ಸಿನ ನಿಯಮ ವರ್ಸೇಲ್ಸಿಗೆ.

ಎಲೆಗೆ ನೀರು ಚಿಮುಕಿಸೋ ಸಲಹೆ ಕೂಡ ಅಲ್ಲಿಯದೇ. ಚಳಿದೇಶದ ಮನೆಗಳಲ್ಲಿ ಹೀಟರ್ ಉರಿಯುತ್ತೆ, ಒಳಗಿನ ಗಾಳಿ ಒಣಗಿ ಹೋಗುತ್ತೆ, ಅದಕ್ಕೆ ಚಿಮುಕಿಸಿ ಅಂತಾರೆ. ನಮ್ಮ ಮನೇಲಿ ಹೀಟರ್ ಎಲ್ಲಿದೆ? ಸೊಳ್ಳೆ ಬರುತ್ತೆ ಅಂತ ಕಿಟಕಿ ಮುಚ್ಚಿ, ನೆರಳಲ್ಲಿ, ಗಾಳಿಯಾಡದ ಮೂಲೇಲಿ ಗಿಡ ಇಟ್ಟು ಸುತ್ತ ತೇವ ಮಾಡಿದ್ರೆ ಬೂದಿ ರೋಗಕ್ಕೆ ಕರೆದು ಮಣೆ ಹಾಕಿದ ಹಾಗೆ.

ತಾತ ಇದನ್ನೆಲ್ಲ ಲೆಕ್ಕ ಇಲ್ಲದೇ ಹೇಳಿದ್ರು. ಒಂದು ಕಡ್ಡಿ ಚಿವುಟಿ, ಬೆರಳಲ್ಲಿ ತಿಕ್ಕಿ ಮೂಸಿ ನೋಡಿದ್ರು. "ನೀಲಗಿರಿ ವಾಸ್ನೆ" ಅಂದ್ರು ಮೊದಲು. ಸರಿಯಾಗೇ ಹೇಳಿದ್ರು, ಎರಡರಲ್ಲೂ ಸಿನಿಯೋಲ್ ಅನ್ನೋ ಒಂದೇ ವಸ್ತು ಇದೆ, ರೋಸ್‌ಮೆರಿಯಲ್ಲಿ ಕರ್ಪೂರದ ಅಂಶವೂ ಇದೆ. ಆಮೇಲೆ ಇನ್ನೊಂದ್ಸಲ ಮೂಸಿ, "ನಮ್ ಮರುಗದ ಜಾತೀದೇ ಇರ್ಬೇಕು ಇದು" ಅಂದ್ರು.

ನಾನು ಸುಮ್ಮನೆ ನಕ್ಕಿದ್ದೆ. ಆಮೇಲೆ ನೋಡಿದ್ರೆ, ಹೌದು! ಕೆ.ಆರ್. ಮಾರ್ಕೆಟ್‌ನಲ್ಲಿ ಸೇವಂತಿಗೆ, ಕನಕಾಂಬರದ ಮಧ್ಯ ಹಸಿರಿಗೆ, ಪರಿಮಳಕ್ಕೆ ಅಂತ ಕಟ್ತಾರಲ್ಲ ಮರುಗ, ಅದು ಇಂಗ್ಲಿಷಿನ ಸ್ವೀಟ್ ಮಾರ್ಜೊರಮ್. ತುಳಸಿ, ಪುದೀನ, ರೋಸ್‌ಮೆರಿ ಎಲ್ಲ ಇರೋ ಕುಟುಂಬದ್ದೇ. ಅದಕ್ಕಿಂತ ದೊಡ್ಡ ವಿಷಯ, ಅದರ ತವರು ಸೈಪ್ರಸ್ ಮತ್ತು ದಕ್ಷಿಣ ಟರ್ಕಿ. ರೋಸ್‌ಮೆರಿಯ ನೆರೆಮನೆಯ ಹುಡುಗಿ! ಸಂಸ್ಕೃತದಲ್ಲಿ ಮರುವಕ ಅನ್ನಿಸಿಕೊಂಡು, ಕನ್ನಡದಲ್ಲಿ ಮರುಗ ಆಗಿ, ದೇವರ ತಲೆ ಮೇಲೆ, ನಮ್ಮಜ್ಜಿಯ ತುರುಬಿನಲ್ಲಿ ಕೂತಿದೆ. ಅದಕ್ಕೆ ಯಾರೂ ಗಾಜಿನ ಮನೆ ಕಟ್ಟಲಿಲ್ಲ. ಯಾರೂ ದಕ್ಷಿಣದ ಕಿಟಕಿ ಹುಡುಕಲಿಲ್ಲ. ಪಿಜ್ಜಾ ಮೇಲೆ ಉದುರಿಸೋ ಒರೆಗಾನೋ ಇದೇ ಮರುಗದ ಹತ್ತಿರದ ಸಂಬಂಧಿ ಅಂತ ಗೊತ್ತಾದ ಮೇಲಂತೂ, ನಾನು ಇಷ್ಟು ದಿನ ಮೆಡಿಟರೇನಿಯನ್ ಗಿಡ ಬೆಳೆಸೋದು ಅಂದ್ರೆ ಏನೋ ವಿದೇಶಿ ಸಾಹಸ ಅಂದ್ಕೊಂಡಿದ್ದಕ್ಕೆ ನಾಚಿಕೆ ಆಯ್ತು.

ತಾತ ತಮ್ಮ ಮೂವತ್ತು ಗುಂಟೆಯಲ್ಲಿ ಮರುಗ, ದವನ, ಸೇವಂತಿಗೆ ಬೆಳೀತಿದ್ದವರು. 2008ರ ಮೇನಲ್ಲಿ ದೇವನಹಳ್ಳಿ ಏರ್‌ಪೋರ್ಟ್ ಶುರುವಾಯ್ತಲ್ಲ, ಅದಕ್ಕೆ ಒಂದು ವರ್ಷ ಮುಂಚೆ ಜಮೀನು ಮಾರಿದ್ರು. ಯಾರೂ ಬಲವಂತ ಮಾಡಲಿಲ್ಲ. ಒಳ್ಳೇ ರೇಟ್ ಬಂತು, ಅಪ್ಪ, ಚಿಕ್ಕಪ್ಪ ಇಬ್ಬರಿಗೂ ಬೇಕಿತ್ತು. ನನ್ನ ಇಂಜಿನಿಯರಿಂಗ್ ಫೀಸ್ ಅಲ್ಲಿಂದಲೇ ಬಂದಿದ್ದು. ಅಲ್ಲಿ ಈಗ ಲೇಔಟ್. ಈ ವಿಷಯ ನಮ್ಮನೇಲಿ ಯಾರೂ ಎತ್ತಲ್ಲ. ತಾತನ ಎದುರಿಗಂತೂ ಇಲ್ಲ.

ಅವತ್ತು ಅವರೇ ಎತ್ತಿದ್ರು, ಜಮೀನನ್ನಲ್ಲ, ದವನವನ್ನ. ಮಳೆ ಎಲ್ಲ ಬಿಟ್ಟು, ಕಾರ್ತೀಕದಲ್ಲಿ ಒಟ್ಲು ಹಾಕೋದು. ಬೀಜ ಧೂಳಿನಷ್ಟು ಸಣ್ಣದು, ಬಟ್ಟೇಲಿ ಕಟ್ಟಿ ಎರಡು ದಿನ ನೆನೆಸಿ, ಮೊಳಕೆ ಕಣ್ಣು ಬಿಟ್ಟ ಮೇಲೆ ಮರಳಿನ ಜೊತೆ ಕಲಸಿ ಎರಚೋದು. ಒಂದು ತಿಂಗಳಿಗೆ ನಾಟಿ. ರಾತ್ರಿ ಇಬ್ಬನಿ, ಹಗಲು ಸುಡದ ಬಿಸಿಲು, ಮಾಗಿ ಗಾಳಿ, ಇಷ್ಟು ಸಾಕು ಅದಕ್ಕೆ. ಶಿವರಾತ್ರಿ ಹೊತ್ತಿಗೆ ಕಟಾವು, ಚೈತ್ರದ ಪೂಜೆಗಳಿಗೆ ಮಾರ್ಕೆಟ್‌ಗೆ. ದವನದ ಹುಣ್ಣಿಮೆ ಅಂತ ಸವದತ್ತಿ ಎಲ್ಲಮ್ಮನ ಜಾತ್ರೆಗೆ ಹೆಸರು ಬಂದಿರೋದೇ ಈ ಗಿಡದಿಂದ. "ನಡುವೆ ಒಂದು ಜಡಿಮಳೆ ಹಿಡೀತು ಅಂದ್ರೆ ಮುಗೀತು, ಬುಡವೆಲ್ಲ ಕೊಳ್ತು ಹೋಗೋದು" ಅಂದ್ರು. ದವನ ನಮ್ಮ ದೇಶದ್ದೇ ಗಿಡ. ಸುಗಂಧ ತೈಲದ ವ್ಯಾಪಾರಕ್ಕೆ ಅದನ್ನ ಬೆಳೆಯೋದು ಹೆಚ್ಚಾಗಿ ನಮ್ಮ ಕರ್ನಾಟಕದಲ್ಲೇ.

ನನಗೆ ಬೇಕಾಗಿದ್ದ ಪಂಚಾಂಗ ಇದು. ಪರಿಮಳದ ಗಿಡಗಳಿಗೆ ನಮ್ಮ ಬಯಲುಸೀಮೆಯಲ್ಲಿ ಒಳ್ಳೇ ಕಾಲ ಕಾರ್ತೀಕದಿಂದ ಚೈತ್ರದವರೆಗೆ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚು ಸುರಿಯೋದು ಸೆಪ್ಟೆಂಬರಿನಲ್ಲಿ, ಅದರ ಆಚೀಚೆ. ಒಣ ಬೇಸಿಗೆಗೆ ಒಗ್ಗಿದ ರೋಸ್‌ಮೆರಿ ಬೇರಿಗೆ ಈ ಬೆಚ್ಚಗಿನ ಒದ್ದೆ ಮಣ್ಣೇ ಶತ್ರು. ಅಂದ್ರೆ ಅದಕ್ಕೆ ಇಲ್ಲಿ "ಚಳಿಗಾಲ" ಯಾವುದು ಅಂದ್ರೆ ಮಳೆಗಾಲ! ಸೂರಿನ ಕೆಳಗೆ ತರಬೇಕಾದ್ದು ಜೂನ್‌ನಿಂದ ಅಕ್ಟೋಬರಲ್ಲಿ. ಡಿಸೆಂಬರಿನಲ್ಲಿ ಹೊರಗಿಡಬೇಕು. ನಾನು ಮೂರು ವರ್ಷ ಮಾಡಿದ್ದು ಸರಿಯಾಗಿ ತಿರುಗು ಮುರುಗು.

ಇದರಲ್ಲಿ ಇನ್ನೊಂದು ವಿಷಯ ನನ್ನನ್ನ ಕಾಡಿತು. ನಾನು ದಿನಾ ಆಫೀಸಿಗೆ ಹೋಗೋ ದಾರಿಯಲ್ಲೇ ಉತ್ತರ ಇತ್ತು. ಯಲಹಂಕದಿಂದ ಹೆಬ್ಬಾಳದ ಕಡೆ ಬಂದ್ರೆ ಅಳ್ಳಾಳಸಂದ್ರದಲ್ಲಿ ಸಿಮ್ಯಾಪ್‌ನ ಸಂಶೋಧನಾ ಕೇಂದ್ರ ಇದೆ. ಔಷಧೀಯ ಮತ್ತು ಸುಗಂಧ ಸಸ್ಯಗಳ ಕೇಂದ್ರೀಯ ಸಂಸ್ಥೆ, 1959ರಲ್ಲಿ ಬೇರೆ ಹೆಸರಲ್ಲಿ ಶುರುವಾಗಿದ್ದು, ಮುಖ್ಯ ಕಚೇರಿ ಲಖನೌ. ಜೆರೇನಿಯಂ, ಪಚೋಲಿ, ದವನ, ರೋಸ್‌ಮೆರಿ ಇವೆಲ್ಲ ನಮ್ಮ ಬಯಲಿನ ಮಣ್ಣಲ್ಲಿ ಹೇಗೆ ಬರುತ್ವೆ ಅಂತ ಅಲ್ಲಿನ ವಿಜ್ಞಾನಿಗಳು ಎಷ್ಟೋ ವರ್ಷದಿಂದ ಬೆಳೆಸಿ ನೋಡಿದ್ದಾರೆ. ಸಿಮ್ಯಾಪ್ ಬಿಡುಗಡೆ ಮಾಡಿದ ರೋಸ್‌ಮೆರಿ ತಳಿಯೊಂದರ ಹೆಸರು ಸಿಮ್-ಹರಿಯಾಲಿ. ಹೊಲದಲ್ಲಿ, ಬಯಲಲ್ಲಿ, ಸಾಲು ಸಾಲಾಗಿ. ನಾನು ಎಸಿ ಬಸ್ಸಲ್ಲಿ ಕೂತು ಫೋನಲ್ಲಿ ರೋಸ್‌ಮೆರಿ ಸಾಯೋದು ಯಾಕೆ ಅಂತ ಓದ್ತಾ ಅದೇ ಕಾಂಪೌಂಡ್ ದಾಟಿ ಹೋಗ್ತಿದ್ದೆ.

ಅದರ ಪಕ್ಕದ್ದೇ ಜಿಕೆವಿಕೆ. ಅದರ ಹಿಂದಿನ ಕಥೆ ಹೆಬ್ಬಾಳದ್ದು. 1899ರಲ್ಲಿ ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿ, ವಾಣಿವಿಲಾಸ ಸನ್ನಿಧಾನ, ಮಗ ನಾಲ್ವಡಿ ಕೃಷ್ಣರಾಜರು ಇನ್ನೂ ಹುಡುಗನಾಗಿದ್ದಾಗ ರಾಜ್ಯಭಾರ ನೋಡ್ಕೊಳ್ತಿದ್ದ ಹೆಣ್ಣುಮಗಳು, ಕೃಷಿ ಪ್ರಯೋಗಕ್ಕೆ ಅಂತ ಹೆಬ್ಬಾಳದಲ್ಲಿ 30 ಎಕರೆ ಕೊಟ್ಟರು. ಲೆಹ್ಮನ್ ಅನ್ನೋ ರಸಾಯನಶಾಸ್ತ್ರಜ್ಞ ಬಂದು ಇಲ್ಲಿನ ಮಣ್ಣು ಪರೀಕ್ಷೆ ಶುರು ಮಾಡಿದ. ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ 1913ರಲ್ಲಿ ಕೃಷಿ ಶಾಲೆ ತೆರೆದ. ಅಡಿಕೆಯ ಕೊಳೆರೋಗದ ಮೇಲೆ ಕೋಲ್ಮನ್ 1910ರಲ್ಲೇ ಬರೆದಿದ್ದ. ಆ ರೋಗಕ್ಕೆ ಕನ್ನಡದ ರೈತರು ಇಟ್ಟ ಹೆಸರನ್ನೇ ಇಂಗ್ಲಿಷಿನಲ್ಲೂ ಉಳಿಸಿಕೊಂಡು ಕೊಲೆರೋಗ ಅಂತಲೇ ಬರೆದ. ನನಗೆ ಆ ಮನುಷ್ಯ ಇಷ್ಟ ಆಗೋದು ಇದಕ್ಕೆ. ಪುಸ್ತಕ ತಂದ ಊರಿನದಾದ್ರೂ ರೋಗ ಯಾವ ಊರಿನದು ಅಂತ ಕೇಳೋ ಬುದ್ಧಿ ಇತ್ತು. 1964ರಲ್ಲಿ ಅದೇ ಹೆಬ್ಬಾಳದ ನೆಲದಿಂದ ಕೃಷಿ ವಿಶ್ವವಿದ್ಯಾಲಯ ಎದ್ದಿತು. ಈಗ ಹೆಬ್ಬಾಳ ಅಂದ್ರೆ ನಮಗೆ ಫ್ಲೈಓವರ್, ಅದರ ಮೇಲೆ ನಿಂತುಹೋದ ನಮ್ಮ ಆಯುಸ್ಸು.

ಮೂರನೇ ಗಿಡ ಉಳೀತಾ ಅಂತ ಕೇಳ್ತೀರಿ. ಪೂರ್ತಿ ಇಲ್ಲ. ರೋಸ್‌ಮೆರಿಯ ಒಂದು ಕೆಟ್ಟ ಗುಣ ಅಂದ್ರೆ ಕಷ್ಟ ಹೇಳ್ಕೊಳ್ಳಲ್ಲ. ತುಳಸಿಗೆ ನೀರು ಕಮ್ಮಿ ಆದ್ರೆ ಸಂಜೆಗೆ ಬಾಡಿ ತೋರಿಸುತ್ತೆ. ರೋಸ್‌ಮೆರಿಯ ಸೂಜಿ ಎಲೆ ಬೇರು ಸತ್ತು ಎಷ್ಟೋ ದಿನ ಆದ್ರೂ ಹಸಿರಾಗೇ ನಿಂತಿರುತ್ತೆ. ನಾವು ಚೆನ್ನಾಗಿದೆ ಅಂದ್ಕೊಂಡಿರ್ತೀವಿ. ಮುಟ್ಟಿದಾಗ ಪರಪರ ಉದುರಿದ್ರೆ ಆಗಲೇ ತಡ ಆಗಿರುತ್ತೆ. ತಾತ ರೋಗ ಬಂದ ಕೊಂಬೆಗಳನ್ನ ಕತ್ತರಿಸಿ ಹಾಕಿಸಿದ್ರು. ಕುಂಡದಿಂದ ಬುಡ ಎತ್ತಿ ನೋಡಿದ್ರೆ ನರ್ಸರಿಯ ಜೇಡಿ ಕೆಮ್ಮಣ್ಣು ಇಟ್ಟಿಗೆ ತರ ಬೇರನ್ನ ಹಿಡ್ಕೊಂಡಿತ್ತು, ಕೆಳಗಿನ ಬೇರು ಕಪ್ಪಾಗಿ ಮೆತ್ತಗಾಗಿತ್ತು. ಹೂವಿಲ್ಲದ ಎಳೇ ಕಡ್ಡಿ ನಾಲ್ಕು ಆರಿಸಿ, ಗೇಣಿಗಿಂತ ಸ್ವಲ್ಪ ಕಮ್ಮಿ ಉದ್ದ, ಕೆಳಗಿನ ಎಲೆ ಸವರಿ ಒದ್ದೆ ಮರಳಲ್ಲಿ ಚುಚ್ಚಿದ್ವಿ. ಐದು ವಾರಕ್ಕೆ ಎರಡು ಬೇರು ಬಿಟ್ಟವು. ಈಗ ಬಾಲ್ಕನಿಯಲ್ಲಿರೋದು ಅವೇ. ಎರಡು ಮಳೆಗಾಲ ದಾಟಿವೆ.

ಅವುಗಳ ದಿನಚರಿ ಕೇಳಿದ್ರೆ ನಿಮಗೆ ನಿರಾಸೆ ಆಗಬಹುದು, ಏನೂ ಇಲ್ಲ. ಪ್ಲಾಸ್ಟಿಕ್ ಬದಲು ಮಣ್ಣಿನ ಕುಂಡ, ಅದರ ಮೈ ಬೆವರುತ್ತೆ, ಬೇರಿಗೆ ಗಾಳಿ ಸಿಗುತ್ತೆ. ಮಣ್ಣಿಗೆ ಅರ್ಧದಷ್ಟು ದಪ್ಪ ಮರಳು, ಗೊಬ್ಬರ ಒಂದು ಹಿಡಿ ಅಷ್ಟೇ. ಕೆಳಗೆ ತಟ್ಟೆ ಇಲ್ಲ. (ಇದಕ್ಕೆ ಕೆಳಗಿನ ಮನೆಯವರಿಂದ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಎರಡು ಸಲ ಬೈಸಿಕೊಂಡಿದ್ದೀನಿ. ಈಗ ಸ್ನಾನದ ಮನೇಲಿ ನೀರು ಹಾಕಿ, ಬಸಿದ ಮೇಲೆ ತಂದಿಡ್ತೀನಿ.) ನೀರು ವಾರದ ಲೆಕ್ಕದಲ್ಲಿ ಅಲ್ಲ, ಕುಂಡ ಎತ್ತಿ ನೋಡಿ ಹಗುರ ಆಗಿದ್ರೆ ಮಾತ್ರ. ಜೂನ್ ಬಂದ್ರೆ ಗೋಡೆ ಕಡೆಗೆ ಸರಿಸೋದು, ನವೆಂಬರಿನಲ್ಲಿ ಕಂಬಿ ಹತ್ತಿರ ಬಿಸಿಲಿಗೆ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದು ನಮ್ಮಲ್ಲಿ ಮೂರು ದಿನ ಜಿಟಿ ಜಿಟಿ ಹಿಡಿಯುತ್ತಲ್ಲ ನವೆಂಬರ್-ಡಿಸೆಂಬರಲ್ಲಿ, ಆಗ ಮಾತ್ರ ಒಳಗೆ. ಮಳೆ ನಿಂತ ದಿನವೇ ಹೊರಗೆ. ಬಾಲ್ಕನಿಯೇ ಇಲ್ಲದವರು ಮನೆಯೊಳಗೇ ಇಡಬೇಕು ಅಂದ್ರೆ ಪೂರ್ವದ ಅಥವಾ ಪಶ್ಚಿಮದ ಕಿಟಕಿಯ ಕಟ್ಟೆ ಮೇಲೇ ಇಡಿ, ಗಾಜು ಸರಿಸಿಡಿ, ವಾರಕ್ಕೊಮ್ಮೆ ಕುಂಡ ತಿರುಗಿಸಿ. ಬಿಸಿಲು ಅಷ್ಟೂ ಬರಲ್ಲ ಅಂದ್ರೆ ರೋಸ್‌ಮೆರಿ ಬೇಡ, ದೊಡ್ಡಪತ್ರೆ ಹಾಕಿ. ತಂಬುಳಿ ಆದ್ರೂ ಆಗುತ್ತೆ.

ಮೊದಲ ಸಲ ಗಿಡಗಳನ್ನ ಕಂಬಿ ಹತ್ತಿರ ಸರಿಸಿದ ಡಿಸೆಂಬರಿನಲ್ಲಿ ತಾತನ ಕುರ್ಚಿಯೂ ಆಚೆ ಬಂತು. ಅವರೇ ಎಳ್ಕೊಂಡು ಬಂದಿದ್ರು. ಆಚೆ ಗಾಳಿ ಜಾಸ್ತಿ, ಶೀತ ಆಗುತ್ತೆ, ಒಳಗೇ ಇರಿ ಅಂತ ಅಮ್ಮ ಎಂಟು ತಿಂಗಳಿಂದ ಕೂರಿಸಿದ್ದಳು, ಪ್ರೀತಿಯಿಂದಲೇ. ಬೆಳಿಗ್ಗೆ ಅವರೆಕಾಯಿ ಸುಲೀತಾ ಅಲ್ಲೇ ಕೂರ್ತಾರೆ ಈಗ, ಸೊಗಡು ಮೂಸಿ ನೋಡಿ, ಇಬ್ಬನಿ ಸಾಲದು ಈ ಸಲ ಅಂತ ತೀರ್ಪು ಕೊಡ್ತಾರೆ. ಪಕ್ಕದ ಮನೆಯ ಹುಡುಗ ಆಲೂಗಡ್ಡೆ ರೋಸ್ಟಿಗೆ ಅಂತ ಎರಡು ಕಡ್ಡಿ ಕೇಳೋಕೆ ಬಂದಾಗ, ಹೇಗೆ ಮುರೀಬೇಕು ಅಂತ ತಾವೇ ಹೇಳಿಕೊಟ್ಟು ಕಳಿಸಿದ್ರು. ಆ ಆಲೂಗಡ್ಡೆಯ ರುಚಿ ನೋಡಿ, "ಅಮೃತಾಂಜನ ಹಾಕವ್ನೆ" ಅಂದಿದ್ದನ್ನ ಮಾತ್ರ ನಾವು ಆ ಹುಡುಗನಿಗೆ ಹೇಳಿಲ್ಲ.

ಈ ಸಲ ಕಾರ್ತೀಕಕ್ಕೆ ಪರಿಚಯದ ರೈತರೊಬ್ಬರ ಹತ್ತಿರ ಒಂದು ಚಮಚ ದವನದ ಬೀಜ ಇಸ್ಕೊಂಡು ಬಂದೆ. ಕೈಗೆ ಕೊಟ್ಟಾಗ ತಾತ ಏನೂ ಹೇಳಲಿಲ್ಲ, ಅಂಗೈಯಲ್ಲಿ ಹಾಕ್ಕೊಂಡು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದ್ರು. ಆಮೇಲೆ ಹಳೇ ಪಂಚೆಯ ಚೂರಲ್ಲಿ ಕಟ್ಟಿ, ಸ್ಟೀಲ್ ಲೋಟದ ನೀರಲ್ಲಿ ಇಳಿಬಿಟ್ಟು, ಸರಿಯಾಗಿ ಎರಡು ದಿನಕ್ಕೆ ನನ್ನ ಫೋನಲ್ಲಿ ಅಲಾರಂ ಇಡಿಸಿದ್ದಾರೆ. ನಾಳೆ ಬೆಳಿಗ್ಗೆ ಆರೂಕಾಲಿಗೆ.